ಹನ್ನೊಂದನೆಯ ಪುಟದ ಸನ್ನ

ನಾಲ್ಕು ಗಂಟೆಗೆ ಎದ್ದು ಬಾವಿಯಿಂದ ಹದಿನಾಲ್ಕು ಕೊಡ ನೀರು ಸೇದುವುದು. ಬಚ್ಚಲಿನ ಹಂಡೆಯ ಅಡಿಗೆ ತೆಂಗಿನ ಮಡಲು ತುರುಕಿ ಬೆಂಕಿ ಹಾಕುವುದು. ರಾತ್ರಿ ನೆನೆಹಾಕಿದ ಅಕ್ಕಿ, ಉದ್ದುಗಳನ್ನು, ಬೆಲ್ಲ ಮಾರುವ ಬಾಗಿ ಬರುವುದರೊಳಗೆ, ನುಣ್ಣಗೆ ಕಡೆದಿಡುವುದು. ನಡುವೆ ಎದ್ದು ಕೋಳಿಗೂಡಿಗೆ ಹೋಗಿ, ಕತ್ತಲಲ್ಲಿ ಕೈಯಾಡಿಸಿ, ಮೊಟ್ಟೆ ನಿಲ್ಲಿಸಿದ ಹೇಂಟೆ ಯಾವುದೆಂದು ನೋಡಿ ಹಿಡಿಯುವುದು, ಕೊಯ್ಯುವುದು, ಪುಕ್ಕ ಕೀಳುವುದು. ಎರಡು ತೆಂಗಿನಕಾಯಿ ತುರಿದು ದಪ್ಪ ಹಾಲು ಬೇರೆ, ತೆಳು ಹಾಲು ಬೇರೆ ಹಿಂಡುವುದು. ಇಪ್ಪತ್ತೆರಡು ಒಣಮೆಣಸು ಹುರಿದು ಕೊತ್ತಂಬರಿ ಜೀರಿಗೆಯ ಜತೆ ಅರೆಯುವುದು. ಆ ಕೈಯನ್ನು ಮೂರು ಸಲ ತೊಳೆದು ಗಂಡನ ಬಿಳಿ ಅಂಗಿಗೆ ಇದ್ದಿಲಿನ ಇಸ್ತ್ರಿ ಹಾಕುವುದು. ಚಾವಡಿ ಗುಡಿಸಿ, ಅತಿಥಿ ಕೂರುವ ಬೆತ್ತದ ಕುರ್ಚಿಯ ತೂತಿನ ಮೇಲೆ ದಿಂಬು ಇಡುವುದು. ಇಷ್ಟಾಗುವಾಗ ಜೆಪ್ಪುವಿನ ಇಗರ್ಜಿಯಲ್ಲಿ ಆರರ ಪೂಜೆಗೆ ಗಂಟೆ ಹೊಡೆಯುತ್ತದೆ. ಇಸಿದೋರ್ ಎದ್ದು ಬಂದು, ಎಲ್ಲ ರೆಡಿ ಉಂಟಲ್ಲ ಎಂದು ಕೇಳುತ್ತಾನೆ.

ಇದು ಅತಿಥಿ ಬರುವ ದಿನ ಡುಲ್ಸಿನ್ ಮಾಡಬೇಕಾದ ಕೆಲಸ. ಅತಿಥಿ ಇಲ್ಲದ ದಿನ ಕೋಳಿ ಬದುಕುತ್ತದೆ, ಮೆಣಸು ಎಂಟಕ್ಕೆ ಇಳಿಯುತ್ತದೆ. ಉಳಿದದ್ದರಲ್ಲಿ ಹೆಚ್ಚೇನೂ ವ್ಯತ್ಯಾಸವಿಲ್ಲ.

ಡುಲ್ಸಿನ್ ಬಜಪೆಯ ಹುಡುಗಿ. ಸಿಸ್ಟರುಗಳ ಶಾಲೆಯಲ್ಲಿ ಎಂಟನೇ ಕ್ಲಾಸು ಮುಗಿಸಿ, ಹತ್ತೊಂಬತ್ತಕ್ಕೆ ಮದುವೆಯಾಗಿ ಜೆಪ್ಪುವಿಗೆ ಬಂದವಳು. ಗಂಡ ಇಸಿದೋರ್ ನದಿ ಬದಿಯ ಒಂದು ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತ. ಒಳ್ಳೆಯವನು, ಕುಡಿತವಿಲ್ಲ, ಬೈಗುಳವಿಲ್ಲ. ಇಬ್ಬರು ಗಂಡುಮಕ್ಕಳು ಬೋರ್ಡಿಂಗಿನಲ್ಲಿ. ಅವನಿಗಿದ್ದ ಚಟ ಒಂದೇ, ಊರು ತೋರಿಸುವುದು.

ಬಜಪೆಯಲ್ಲಿ ವಿಮಾನ ಇಳಿಯಲು ಶುರುವಾದ ವರ್ಷ ಹಂಚು ಕೊಳ್ಳಲಿಕ್ಕೆ ಬಂದ ಮುಂಬಯಿಯ ವ್ಯಾಪಾರಿಯೊಬ್ಬರಿಗೆ ಮಂಗಳೂರು ತೋರಿಸುವ ಕೆಲಸವನ್ನು ಮ್ಯಾನೇಜರರು ಇಸಿದೋರನಿಗೆ ವಹಿಸಿದ್ದರು. ಅವನು ಎಷ್ಟು ಚೆನ್ನಾಗಿ ತೋರಿಸಿದನೆಂದರೆ, ಅಂದಿನಿಂದ ಊರಿಗೆ ಬಂದ ಯಾರೇ ಆಗಲಿ, ಪ್ರೊಫೆಸರರು, ಬೆಲ್ಜಿಯಮಿನ ಪಾದ್ರಿಗಳು, ಯಾರದೋ ಭಾವನ ಮೇಲಧಿಕಾರಿ, ಕೊನೆಗೆ ಬಂದು ಸೇರುವುದು ಅವನ ಕೈಗೆ. ಮಂಗಳೂರಿನಲ್ಲಿ ನೋಡತಕ್ಕ ಸ್ಥಳಗಳು ಒಂಬತ್ತು ಎಂದು ಅವನೇ ತೀರ್ಮಾನಿಸಿದ್ದ. ಕಾಲೇಜಿನ ಚಾಪೆಲಿನ ಗೋಡೆಚಿತ್ರ, ಕದ್ರಿಯ ಕೆರೆಗಳು, ದೀಪಸ್ತಂಭದ ಗುಡ್ಡ, ಸುಲ್ತಾನ್ ಬತ್ತೇರಿ, ಬಂದರಿನ ಮೀನು ಮಾರ್ಕೆಟು, ಹೀಗೆ ಸುತ್ತಿಸಿ, ಎಂಟನೆಯದಾಗಿ ತನ್ನ ಕಾರ್ಖಾನೆಯನ್ನು ತೋರಿಸಿ, ಒಂದು ಗಂಟೆಗೆ ಸರಿಯಾಗಿ ಒಂಬತ್ತನೆಯ ಸ್ಥಳಕ್ಕೆ ಕರೆತರುತ್ತಿದ್ದ. ಒಂಬತ್ತನೆಯದು ತನ್ನ ಮನೆಯ ಊಟದ ಮೇಜು. ಅಲ್ಲಿ ಸನ್ನದ ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಇದು ನಮ್ಮ ಸಂಸ್ಕೃತಿ ಎನ್ನುತ್ತಿದ್ದ. ಆ ಹೊತ್ತಿಗೆ ಫೋಟೋ ತೆಗೆದವರೂ ಇದ್ದಾರೆ. ಎಲ್ಲ ಫೋಟೋಗಳಲ್ಲೂ ಇಸಿದೋರ್, ಬಟ್ಟಲು, ಹಿಂದುಗಡೆ ಅಡುಗೆಮನೆಯ ಅರ್ಧ ಬಾಗಿಲು.

ಹನ್ನೊಂದು ವರ್ಷಗಳಲ್ಲಿ ಅವಳ ಸನ್ನ ತಿಂದವರೆಲ್ಲ ದೀಪಸ್ತಂಭದ ಗುಡ್ಡದ ಮೇಲೆ ನಿಂತು ಸಮುದ್ರ ನೋಡಿದವರು. ಡುಲ್ಸಿನ್ ನೋಡಿರಲಿಲ್ಲ. ಅವರು ಗುಡ್ಡ ಹತ್ತುವ ಹೊತ್ತಿಗೆ ಸರಿಯಾಗಿ ಇಲ್ಲಿ ಹಬೆಪಾತ್ರೆ ಒಲೆ ಹತ್ತುತ್ತಿತ್ತು. ಒಮ್ಮೆ ತಾನೂ ಬರಲೇ ಎಂದು ಕೇಳಿದ್ದಳು. ನೀನು ಬಂದರೆ ಊಟ ಯಾರು ಮಾಡುವುದು ಎಂದು ಅವನು ಕೇಳಿದ್ದು ಕುಹಕದಿಂದಲ್ಲ. ನಿಜವಾಗಿಯೂ ಅವನಿಗೆ ಉತ್ತರ ತಿಳಿದಿರಲಿಲ್ಲ. ಅದೇ ಅವಳನ್ನು ಹೆಚ್ಚು ರೇಗಿಸಿದ್ದು.

ಸನ್ನ ನೋಡಲಿಕ್ಕೆ ಇಡ್ಲಿಯ ತಂಗಿ. ಆದರೆ ಅದನ್ನು ಉಬ್ಬಿಸುವುದು ಕಳ್ಳು. ಮುಂಜಾನೆ ಮರದಿಂದ ಇಳಿದ ಕಳ್ಳನ್ನು ಹಿಟ್ಟಿಗೆ ಬೆರೆಸಿದರೆ ಹತ್ತು ಗಂಟೆಗೆ ಅದು ಪಾತ್ರೆಯ ಬಾಯಿಗೆ ಬಂದಿರುತ್ತದೆ. ಜಿಲ್ಲೆಯಲ್ಲಿ ಪಾನನಿರೋಧ ಬಂದ ಮೇಲೆ ಹೆಚ್ಚಿನ ಮನೆಗಳಲ್ಲಿ ಪೇಟೆಯ ಯೀಸ್ಟ್ ಹಾಕಿ ಸುಧಾರಿಸುತ್ತಿದ್ದರು. ಇಸಿದೋರನಿಗೆ ಅದು ನಡೆಯದು. ಯೀಸ್ಟಿನ ಸನ್ನಕ್ಕೆ ಬೇಕರಿಯ ವಾಸನೆ, ಅದನ್ನು ನಮ್ಮ ಸಂಸ್ಕೃತಿ ಎಂದು ಯಾರಿಗೆ ತೋರಿಸುವುದು ಎಂದು ಅವನ ವಾದ. ಹಾಗಾಗಿ ಕಳ್ಳು ಹುಡುಕುವ ಕೆಲಸವೂ ಡುಲ್ಸಿನ್‌ಗೇ ಬಿತ್ತು.

ಅವಳು ಹುಡುಕಿದ್ದು ಬಾಗಿಯನ್ನು. ಬಾಗಿ ನದಿದಂಡೆಯವಳು, ಅವಳ ಗಂಡ ತಾಳೆಮರ ಹತ್ತುವವನು. ಕಳ್ಳು ಇಳಿಸುವುದು ಅಪರಾಧವಾದ ಮೇಲೆ ಅವನು ಬೆಲ್ಲದ ಲೈಸೆನ್ಸ್ ಮಾಡಿಸಿಕೊಂಡಿದ್ದ. ಮಡಕೆಯ ಒಳಮೈಗೆ ಸುಣ್ಣ ಬಳಿದು ಮರಕ್ಕೆ ಕಟ್ಟಬೇಕು. ಸುಣ್ಣವಿದ್ದರೆ ರಸ ಹುಳಿಯುವುದಿಲ್ಲ, ಅದನ್ನು ಕಾಯಿಸಿ ಓಲೆಬೆಲ್ಲ ಮಾಡಬಹುದು. ಅವನ ಹನ್ನೆರಡು ಮಡಕೆಗಳಿಗೆ ಸುಣ್ಣವಿತ್ತು. ಅತಿಥಿ ಬರುವ ಹಿಂದಿನ ಸಂಜೆ ಒಂದು ಮಡಕೆ ಸುಣ್ಣವಿಲ್ಲದೆ ಮೇಲೆ ಹೋಗುತ್ತಿತ್ತು, ಮುಂಜಾನೆ ಬೆಲ್ಲದ ಬುಟ್ಟಿಯ ಅಡಿಯಲ್ಲಿ ಡುಲ್ಸಿನ್‌ಳ ಹಿತ್ತಿಲಿಗೆ ಬರುತ್ತಿತ್ತು. 1958ರಲ್ಲಿ ಒಂದು ಸಲ ಇಂಥ ಮಡಕೆಯೇ ಸಿಕ್ಕಿಬಿದ್ದು ಬಾಗಿಯ ಗಂಡ ಮೂರು ತಿಂಗಳು ಜೈಲಿನಲ್ಲಿದ್ದು ಬಂದ. ಬೇರೆ ಯಾರದೋ ಮನೆಗೆ ಹೊರಟ ಮಡಕೆ ಅದು. ಇನ್ನೊಮ್ಮೆ ಸಿಕ್ಕರೆ ಒಂದು ವರ್ಷ, ಲೈಸೆನ್ಸೂ ಹೋಗುತ್ತದೆ ಎಂದು ಎಚ್ಚರಿಸಿ ಬಿಟ್ಟಿದ್ದರು. ಆ ಮೇಲೆ ಕಳ್ಳು ಬೇಡವೆಂದು ಡುಲ್ಸಿನ್ ಗಂಡನಿಗೆ ಹೇಳಿದಳು. ಅವನು ಬಾಗಿಯನ್ನೇ ಕೇಳಿದ. ಮೂರು ಮಕ್ಕಳ ತಾಯಿಯಾದ ಬಾಗಿ, ಆಗುವುದಿಲ್ಲ ಎನ್ನಲಿಲ್ಲ.

1962ರ ಜನವರಿಯಲ್ಲಿ ಅಮೆರಿಕದ ಗಂಡ ಹೆಂಡತಿ ಬಂದರು. ಗಂಡ ಕೋಳಿ ಸಾಕಣೆಯ ತಜ್ಞ. ಹೆಂಡತಿ ಮಿಸೆಸ್ ಹಾಲ್ವರ್ಸನ್, ದಪ್ಪ ಕಾಲಿನ, ಬಿಸಿಲಿಗೆ ಮೂಗು ಕೆಂಪಾದ ಹೆಂಗಸು. ಎಂಟು ಸ್ಥಳ ಮುಗಿಸಿ ಬಂದವಳು ಒಂಬತ್ತನೆಯದರಲ್ಲಿ ಕೂರದೆ ನೇರ ಅಡುಗೆಮನೆಗೆ ನಡೆದುಬಿಟ್ಟಳು. ಹನ್ನೊಂದು ವರ್ಷದಲ್ಲಿ ಆ ಬಾಗಿಲು ದಾಟಿದ ಮೊದಲ ಅತಿಥಿ. ಬಾಣಲೆಯ ಮಸಿ, ಕೋಳಿಯ ಪುಕ್ಕದ ರಾಶಿ ಎಲ್ಲವನ್ನೂ ನೋಡಿ, ತೆಂಗಿನಕಾಯಿ ತುರಿಯುವ ಮಣೆಯ ಮೇಲೆ ಕೂತುಕೊಂಡಳು, ತಟ್ಟೆಯನ್ನೂ ಅಲ್ಲಿಗೇ ತರಿಸಿಕೊಂಡಳು. ಇಸಿದೋರ್ ಬಾಗಿಲಲ್ಲಿ ನಿಂತು ದುಭಾಷಿಯಾದ.

ಅವಳು ಬಹಳ ಹೊತ್ತು ಮಾತಾಡಿದಳು. ತಮ್ಮದೂ ಜೋಳದ ಹೊಲಗಳ ನಡುವಿನ ಒಂದು ಹಳ್ಳಿಗಾಡಿನ ಜಿಲ್ಲೆ. ಬಂದವರಿಗೆ ತೋರಿಸಲಿಕ್ಕೆ ಗಡಿಯಾರವಿರುವ ಕೋರ್ಟು, ಮಾಡು ಹಾಕಿದ ಒಂದು ಮರದ ಸೇತುವೆ, ಒಂದು ಕೆರೆ, ಅಷ್ಟೇ ಇರುವುದು. ಆದರೆ ಆಗಸ್ಟಿನಲ್ಲಿ ಜಾತ್ರೆಯಂತೆ ಸೇರುತ್ತಾರೆ, ಹೆಂಗಸರು ತಾವು ಮಾಡಿದ ಹಣ್ಣಿನ ಕಡುಬು, ಉಪ್ಪಿನಕಾಯಿ ತಂದು ಸಾಲಾಗಿ ಇಡುತ್ತಾರೆ, ಪ್ರತಿಯೊಂದರ ಮುಂದೆಯೂ ಮಾಡಿದವಳ ಹೆಸರು ಬರೆದ ಒಂದು ಚೀಟಿ ಇರುತ್ತದೆ. ನಿಮ್ಮ ಹೆಸರಿನ ಚೀಟಿ ಎಲ್ಲಿ ಎಂದು ಕೇಳಿದಳು.

"ಅವರಿಗೆ ಸನ್ನ ಇಷ್ಟ ಆಯಿತಂತೆ," ಎಂದ ಇಸಿದೋರ್.

ಚೀಟಿ, ಹೆಸರು ಎಂಬಷ್ಟು ಇಂಗ್ಲಿಷು ಡುಲ್ಸಿನ್‌ಗೂ ಬರುತ್ತಿತ್ತು. ಅವಳು ಇನ್ನೆರಡು ಸನ್ನ ಬಡಿಸಿದಳು. ಹೋಗುವಾಗ ಮಿಸೆಸ್ ಹಾಲ್ವರ್ಸನ್ ಇದೇ ಮಾತನ್ನು ಇಸಿದೋರನಿಗೆ ಗೇಟಿನ ಬಳಿ ಇನ್ನೊಮ್ಮೆ ಹೇಳಿರಬೇಕು. ಯಾಕೆಂದರೆ ಅದಾಗಿ ವಾರದಲ್ಲಿ ಅವನು ಪುಸ್ತಕ ಬರೆಯಲು ಕೂತ.

‘ಮಂಗಳೂರಿಗೆ ಬಂದವರಿಗೆ’ ಎಂದು ಹೆಸರು. ಹದಿನಾರು ಪುಟ, ಮುನ್ನೂರು ಪ್ರತಿ, ಕಾಗದ ಕೊಡಿಸಿದ್ದು ಕಾರ್ಖಾನೆಯ ಮ್ಯಾನೇಜರರು. ಅವನು ಬರೆಯುವಷ್ಟು ದಿನ ಮನೆಯಲ್ಲಿ ಯಾರೂ ಪಾತ್ರೆ ಸದ್ದು ಮಾಡಬಾರದೆಂದು ಹೇಳಿದ. ಯಾರೂ ಅಂದರೆ ಡುಲ್ಸಿನ್. ಊಟತಿಂಡಿಯ ಭಾಗ ಬಂದಾಗ ಮಾತ್ರ ಅವನೇ ಅಡುಗೆಮನೆಗೆ ಬಂದು ಕೇಳಿದ. ಅವಳು ಬಂಗುಡೆ ಮೀನು ಸಿಗಿಯುತ್ತ ಹೇಳಿದಳು, ಅವನು ಬರೆದುಕೊಂಡ. ಹಿಟ್ಟು ಎಷ್ಟು ಹೊತ್ತು ಬಿಡಬೇಕು ಎಂದಾಗ ಬೆರಳಿಗೆ ಹಗುರಾಗುವವರೆಗೆ ಎಂದಳು. ಅವನು ಮೂರು ತಾಸು ಎಂದು ತಿದ್ದಿದ.

ಮಾರ್ಚ್ ಮೊದಲನೆಯ ಗುರುವಾರ ಮುದ್ರಣಾಲಯದಿಂದ ಪುಸ್ತಕದ ಕಟ್ಟುಗಳು ಬಂದವು. ಭಾನುವಾರ ಇಗರ್ಜಿಯ ಸಭಾಂಗಣದಲ್ಲಿ ಬಿಡುಗಡೆ, ಬಳಿಕ ಎಲ್ಲರಿಗೂ ಸನ್ನ ಮತ್ತು ಕೋಳಿಸಾರು. ಇಸಿದೋರ್ ಹನ್ನೊಂದನೆಯ ಪುಟ ತೆರೆದು ಒಂದು ಸಾಲಿನ ಮೇಲೆ ಬೆರಳಿಟ್ಟು ತೋರಿಸಿದ. ಶ್ರೀಮತಿ ಡುಲ್ಸಿನ್. ಅವಳ ಹೆಸರು ಅಚ್ಚಾದದ್ದು ಅದೇ ಮೊದಲು. ರೇಷನ್ ಕಾರ್ಡಿನಲ್ಲಿ ಅವಳು ಹೆಂಡತಿ, ಒಂದು ಎಂದಷ್ಟೇ ಇದ್ದಳು. ಅವಳಿಗೆ ಸಂತೋಷವಾಯಿತು, ಆಗಲಿಲ್ಲವೆಂದರೆ ಸುಳ್ಳು. ಕೈ ಒದ್ದೆಯಿತ್ತೆಂದು ಪುಸ್ತಕ ಮುಟ್ಟದೆ, ಬಗ್ಗಿ ಇನ್ನೊಮ್ಮೆ ಓದಿದಳು. ಉಳಿದದ್ದನ್ನು ಓದಲು ಬಿಡುವಾದದ್ದು ಮರುದಿನ ಮಧ್ಯಾಹ್ನ.

ಪೂರ್ತಿ ವಾಕ್ಯ ಹೀಗಿತ್ತು: ‘ಈ ಸನ್ನದ ಖ್ಯಾತಿಗೆ ಕಾರಣಳು ನನ್ನ ಧರ್ಮಪತ್ನಿ ಶ್ರೀಮತಿ ಡುಲ್ಸಿನ್, ಮತ್ತು ಅವಳಿಗಾಗಿ ತನ್ನ ಗಂಡ ಇಳಿಸಿದ ತಾಜಾ ಕಳ್ಳನ್ನು ಓಲೆಬೆಲ್ಲದ ಬುಟ್ಟಿಯ ಅಡಿಯಲ್ಲಿ ಇಟ್ಟು ಬೆಳಕು ಹರಿಯುವ ಮುನ್ನ ತಂದುಕೊಡುವ, ಜೆಪ್ಪು ನದಿದಂಡೆಯ ಬಾಗಿ ಎಂಬ ನಿಷ್ಠಾವಂತ ಹೆಂಗಸು.’

ಅವಳು ಎರಡು ಸಲ ಓದಿದಳು. ಹೆಸರು, ಊರು, ಹೊತ್ತು, ಅಡಗಿಸುವ ಜಾಗ, ಇಳಿಸಿದವನು ಯಾರು. ಪೊಲೀಸರು ಬಂದು ವಾರಗಟ್ಟಲೆ ಕೇಳಿದರೂ ಇಷ್ಟು ಅಚ್ಚುಕಟ್ಟಾಗಿ ಯಾರೂ ಬಾಯಿಬಿಡುತ್ತಿರಲಿಲ್ಲ.

ಸಂಜೆಯ ಜಪಸರ ಮುಗಿಯುವವರೆಗೆ ತಡೆದು, ಗಂಡನ ಮುಂದೆ ಪುಸ್ತಕ ಇಟ್ಟಳು.

"ಇದು ಎಂತ ಬರೆದದ್ದು ನೀವು?"

"ಇದ್ದದ್ದನ್ನು ಬರೆದದ್ದು."

"ಇದ್ದದ್ದು ಬರೆದರೆ ಬಾಗಿಯ ಗಂಡ ಜೈಲಿಗೆ."

"ಒಳ್ಳೆ ಕತೆ ಮಾರಾಯ್ತಿ ನಿನ್ನದು. ಸಂಸ್ಕೃತಿಯ ಪುಸ್ತಕ ಓದಿ ಪೊಲೀಸರು ಮರ ಹತ್ತುತ್ತಾರಾ? ನಿನ್ನ ಹೆಸರು ಹಾಕಿದ್ದೇನೆ, ಅದಕ್ಕೊಂದು ಖುಷಿ ಇಲ್ಲ."

ಭಾನುವಾರದ ಮುಖ್ಯ ಅತಿಥಿ ಜಿಲ್ಲಾ ಕಚೇರಿಯ ಒಬ್ಬ ಹಿರಿಯ ಅಧಿಕಾರಿ. ಪಾನನಿರೋಧದ ಕಡತಗಳು ಬರುವುದು ಅವರ ಮೇಜಿಗೇ. ಅದನ್ನು ಅವಳು ನೆನಪಿಸಿದಳು. ಅವರೂ ನಮ್ಮ ಮನೆಯಲ್ಲಿ ಸನ್ನ ತಿಂದವರೇ, ಎಲ್ಲ ಗೊತ್ತಿದ್ದೂ ತಿಂದವರು ಎಂದ ಇಸಿದೋರ್.

"ಗೊತ್ತಿರುವುದು ಬೇರೆ. ಅಚ್ಚು ಮಾಡಿ, ಇನ್ನೂರು ಜನರ ಎದುರು ಅವರ ಕೈಗೆ ಕೊಡ್ತೀರಿ. ಆ ಮೇಲೆ ಗೊತ್ತಿಲ್ಲ ಹೇಳ್ಲಿಕ್ಕೆ ಅವರಿಗೆ ಆಗ್ತದಾ?"

ಈ ಮಾತು ಅವನಿಗೆ ನಾಟಿತೆಂದು ಅವಳಿಗೆ ಕಂಡಿತು. ಅವನು ಕನ್ನಡಕ ತೆಗೆದು ಒರೆಸಿದ. ಆಮೇಲೆ ಆ ಹಾಳೆಯನ್ನು ಮಗುಚಿ ತೋರಿಸಿದ. ಹಿಂಬದಿಯ ಹನ್ನೆರಡನೆಯ ಪುಟದಲ್ಲಿ ಕಾರ್ಖಾನೆಯ ವರ್ಣನೆ, ನಡುವೆ ಮ್ಯಾನೇಜರರ ಭಾವಚಿತ್ರ. ಅವರ ಕಾಗದ, ಅವರ ಮುಖ. ಈ ಹಾಳೆಯನ್ನು ಮುಟ್ಟುವಂತಿಲ್ಲ. ಎರಡನೆಯ ಮುದ್ರಣದಲ್ಲಿ ಬಾಗಿಯನ್ನು ತೆಗೆಯುವಾ ಎಂದ. ಮೊದಲ ಮುದ್ರಣದಲ್ಲೇ ಜೈಲಿಗೆ ಹೋದವನನ್ನು ಎರಡನೆಯದರಲ್ಲಿ ಹೇಗೆ ತೆಗೆಯುತ್ತೀರಿ ಎಂದು ಅವಳು ಕೇಳುವುದರೊಳಗೆ, ನಾನೂರು ಸನ್ನ ಸಾಕಾಗಬಹುದಾ, ಇನ್ನೂ ಐವತ್ತು ಸೇರಿಸುವುದಾ ಎಂದು ಅವನು ಲೆಕ್ಕಕ್ಕೆ ಇಳಿದಿದ್ದ.

ಶನಿವಾರ ಬೆಳಗ್ಗೆ ಬಾಗಿ ಬಂದಳು. ಒಗೆದ ಸೀರೆ ಉಟ್ಟಿದ್ದಳು. ದಾರಿಯಲ್ಲಿ ಸಿಕ್ಕ ಇಸಿದೋರ್ ಹಿಂದಿನ ದಿನವೇ ಅವಳಿಗೆ ಸುದ್ದಿ ಹೇಳಿಬಿಟ್ಟಿದ್ದ. ತನ್ನ ಹೆಸರು ಎಲ್ಲಿದೆ, ನೋಡಬೇಕು ಎಂದು ನಗುತ್ತ ಕೇಳಿದಳು. ಓದು ಬಾರದವಳು. ಡುಲ್ಸಿನ್ ತೋರಿಸಿದಳು. ಬಾಗಿ ಸೆರಗಿಗೆ ಬೆರಳು ಒರೆಸಿಕೊಂಡು ಆ ಎರಡು ಅಕ್ಷರಗಳನ್ನು ಮುಟ್ಟಿದಳು. ಇಷ್ಟು ಸಣ್ಣವಾ ಎಂದಳು.

ಡುಲ್ಸಿನ್‌ಗೆ ಹೇಳದೆ ಗತಿ ಇರಲಿಲ್ಲ. ಇಡೀ ವಾಕ್ಯವನ್ನು ಓದಿ, ತುಳುವಿನಲ್ಲಿ ಬಿಡಿಸಿ ಹೇಳಿದಳು.

ಬಾಗಿ ಬೆರಳನ್ನು ಹಿಂದಕ್ಕೆ ತೆಗೆದಳು. "ಬುಟ್ಟಿಯ ಅಡಿಯಲ್ಲಿ ಅಂತ ಸಹ ಬರೆದಿದ್ದಾರಾ?"

"ಬರೆದಿದ್ದಾರೆ."

"ಯಜಮಾನರು ನನ್ನ ಮೇಲೆ ಸಿಟ್ಟಿನಿಂದ ಬರೆದದ್ದಾ ಬಾಯಮ್ಮ?"

"ಇಲ್ಲ. ಪ್ರೀತಿಯಿಂದಲೇ."

ಬಾಗಿ ಬೆಲ್ಲದ ಬುಟ್ಟಿಯ ಮೇಲೆ ಬಟ್ಟೆ ಎಳೆದಳು. ಇಂದು ಬೆಲ್ಲ ಮಾತ್ರ ತಂದಿದ್ದಳು, ಕಳ್ಳು ನಾಳೆಗೆ. ನಾಳೆ ತರಬೇಡ, ಯೀಸ್ಟ್ ಹಾಕುತ್ತೇನೆ, ಆ ಒಂದು ಮಡಕೆಗೂ ಸುಣ್ಣ ಬಳಿಯಲು ಗಂಡನಿಗೆ ಹೇಳು ಎಂದಳು ಡುಲ್ಸಿನ್.

"ಮಡಕೆಗೆ ಸುಣ್ಣ ಬಳಿಯಬಹುದು. ಪುಸ್ತಕಕ್ಕೆ ಎಂತ ಬಳಿಯುವುದು?" ಎಂದಳು ಬಾಗಿ. ಬುಟ್ಟಿ ತಲೆಗೆ ಏರಿಸಿಕೊಳ್ಳುತ್ತ ಮತ್ತೆ ಹೇಳಿದಳು: "ನನ್ನದೊಂದು ತೆಗೀಲಿಕ್ಕೆ ಆದರೆ ಸಾಕು. ನಿಮ್ಮದು ಇರಲಿ ಬಾಯಮ್ಮ. ನಿಮ್ಮದು ಚಂದ ಉಂಟು."

ಮಧ್ಯಾಹ್ನ ಊಟ ಮಾಡಿ, ಬಣ್ಣದ ಕಾಗದದ ಮಾಲೆಗಳನ್ನು ಹೆಗಲಿಗೆ ಹಾಕಿಕೊಂಡು ಇಸಿದೋರ್ ಸಭಾಂಗಣಕ್ಕೆ ಹೋದ. ಬರುವುದು ಆರು ಗಂಟೆ ಆಗಬಹುದು, ಅಷ್ಟರೊಳಗೆ ಮಸಾಲೆ ಆಗಿರಲಿ ಎಂದು ಹೇಳಿ ಹೋದ. ಹಿತ್ತಿಲಲ್ಲಿ ನಾಲ್ಕು ಹಂಡೆಗಳ ತುಂಬ ಅಕ್ಕಿ ನೆನೆಯುತ್ತಿತ್ತು. ಹದಿನೆಂಟು ಕೋಳಿಗಳು ಕಾಲು ಕಟ್ಟಿಸಿಕೊಂಡು ಮಾಡಿನ ಅಡಿಯಲ್ಲಿ ಒಂದೇ ಸಮ ಗೊಣಗುತ್ತಿದ್ದವು. ಪಕ್ಕದ ಮನೆಯವರಿಂದ ತರಿಸಿದ ಇನ್ನೊಂದು ಹಬೆಪಾತ್ರೆ ತೊಳೆಯದೆ ಬಿದ್ದಿತ್ತು.

ಡುಲ್ಸಿನ್ ಮಸಾಲೆಗೆ ಕೈ ಹಾಕದೆ, ಪುಸ್ತಕದ ಕಟ್ಟುಗಳನ್ನು ಇಟ್ಟಿದ್ದ ಚಾವಡಿಗೆ ಹೋದಳು. ಮಕ್ಕಳ ಮಸಿಕುಡಿಕೆ ಹುಡುಕಿ ತಂದು, ಒಂದು ಪುಸ್ತಕದಲ್ಲಿ ಬಾಗಿಯ ಹೆಸರಿನ ಮೇಲೆ ಮಸಿ ಎಳೆದಳು. ಒಣಗಿದ ಮೇಲೆ ಬೆಳಕಿಗೆ ಹಿಡಿದಳು. ಅಚ್ಚಿನ ಮೊಳೆಗಳು ಕಾಗದಕ್ಕೆ ಒತ್ತಿದ್ದ ಗುರುತು ಮಸಿಯ ಕೆಳಗೆ ಹಾಗೆಯೇ ಎದ್ದು ಕಾಣುತ್ತಿತ್ತು. ಹಿಂಬದಿಯಲ್ಲಿ ಮ್ಯಾನೇಜರರ ಕೆನ್ನೆಯ ಮೇಲೆ ಸಹ. ಓದಲಿಕ್ಕೆ ಮನಸ್ಸಿಲ್ಲದವನೂ, ಇಲ್ಲಿ ಏನನ್ನು ಮುಚ್ಚಿದ್ದಾರೆ ಎಂದು ನೋಡುವ ಹಾಗಾಗಿತ್ತು. ಹೆಸರೊಂದನ್ನೇ ಮುಚ್ಚಿದರೂ ಬುಟ್ಟಿ ಉಳಿಯಿತು, ನದಿದಂಡೆ ಉಳಿಯಿತು. ಆ ದಂಡೆಯಲ್ಲಿ ಓಲೆಬೆಲ್ಲ ಹೊರುವ ಹೆಂಗಸರು ಎಷ್ಟು ಮಂದಿ? ಇಡೀ ವಾಕ್ಯಕ್ಕೆ ಮಸಿ ಬಳಿದರೆ ತನ್ನ ಹೆಸರೂ ಅದರೊಳಗೆ. ತನ್ನ ಹೆಸರಿಗೂ ಬಾಗಿಯ ಸುದ್ದಿಗೂ ನಡುವೆ ಇಸಿದೋರ್ ಒಂದು ಅಲ್ಪವಿರಾಮವನ್ನಷ್ಟೇ ಇಟ್ಟಿದ್ದ.

ಅವಳು ಕೂತು ಯೋಚಿಸಿದಳು. ನಾಳೆ ಸಭೆಯಲ್ಲಿ ಎದ್ದು ಹೇಳಬಹುದು, ಹೇಳಿದರೆ ಬಾಗಿಯ ಹೆಸರು ಮೈಕಿನಲ್ಲೂ ಕೇಳುತ್ತದೆ. ಅಡುಗೆ ಮಾಡುವುದಿಲ್ಲ ಎಂದು ಕೂರಬಹುದು, ಆಗ ಜನ ಹಸಿದಿರುತ್ತಾರೆ, ಪುಸ್ತಕ ಓದುತ್ತಾರೆ. ಆರು ಗಂಟೆಗೆ ಗಂಡ ಬಂದ ಮೇಲೆ ಇನ್ನೊಮ್ಮೆ ಕೇಳಬಹುದು. ಕೇಳಿದರೆ ಅವನು ಬೇಸರದಿಂದ, ಪ್ರೀತಿಯಿಂದ, ಎರಡನೆಯ ಮುದ್ರಣದ ಮಾತನ್ನೇ ಆಡುತ್ತಾನೆ. ಹಾಳೆಯನ್ನೇ ಕತ್ತರಿಸಿ ತೆಗೆದರೆ, ಸೋಮವಾರ ಮ್ಯಾನೇಜರರು ತಮ್ಮ ಮುಖವಿಲ್ಲದ ಪುಸ್ತಕ ಹಿಡಿದು ಅವನನ್ನು ಒಳಗೆ ಕರೆಸಬಹುದು. ಇಪ್ಪತ್ತು ವರ್ಷ ಗುಮಾಸ್ತಿಕೆ ಮಾಡಿದವನಿಗೆ ಅದು ಸಣ್ಣ ಅವಮಾನವಲ್ಲ. ಅದರಿಂದ ಅವಳಿಗೂ ನೋವಾಗುತ್ತಿತ್ತು. ಆದರೆ ಅವಮಾನಕ್ಕೆ ಲೈಸೆನ್ಸ್ ಹೋಗುವುದಿಲ್ಲ.

ಬಚ್ಚಲಿನ ಗೂಡಿನಿಂದ ಇಸಿದೋರನ ಕ್ಷೌರದ ಬ್ಲೇಡ್ ತಂದಳು. ಬಜಪೆಯಲ್ಲಿರುವ ತಂಗಿ ಕಾರ್ಮಿನ್‌ಗೆ ಕೊಡಲೆಂದು ಒಂದು ಪ್ರತಿಯನ್ನು, ದೇವರ ಪ್ರತಿಮೆಯಿಟ್ಟ ಅಲ್ತಾರದ ಕೆಳಗಿನ ಪೆಟ್ಟಿಗೆಯಲ್ಲಿ ಬಚ್ಚಿಟ್ಟಿದ್ದಳು. ಅದೊಂದು ಇದ್ದರೆ ಏನು ಎಂದು ಒಂದು ಕ್ಷಣ ಅನಿಸಿತು. ಕಾರ್ಮಿನ್ ಅಕ್ಕನ ಹೆಸರನ್ನು ಊರಿಗೆಲ್ಲ ತೋರಿಸದೆ ಬಿಡುವವಳಲ್ಲ. ಮೊದಲಿಗೆ ಆ ಪ್ರತಿಯನ್ನೇ ತಂದು ಹನ್ನೊಂದನೆಯ ಪುಟ ತೆರೆದಳು. ಹೊಲಿಗೆಯ ಅಂಚಿಗೆ ಬ್ಲೇಡ್ ಇಟ್ಟು ಮೇಲಿನಿಂದ ಕೆಳಗೆ ಎಳೆದಳು. ಹಾಳೆ ಕೈಗೆ ಬಂತು. ಶ್ರೀಮತಿ ಡುಲ್ಸಿನ್, ಬಾಗಿ, ಮ್ಯಾನೇಜರರು, ಮೂವರೂ ಒಟ್ಟಿಗೆ. ಪುಸ್ತಕದಲ್ಲಿ ಹತ್ತರ ಮುಂದೆ ಹದಿಮೂರು ಬಂದು ಕೂತಿತು. ಅವಳು ಹಾಳೆಯನ್ನು ನಾಲ್ಕಾಗಿ ಹರಿದು ಪಕ್ಕಕ್ಕೆ ಇಟ್ಟಳು, ಕಟ್ಟಿನ ಹುರಿ ಬಿಚ್ಚಿ ಎರಡನೆಯ ಪುಸ್ತಕವನ್ನು ತೊಡೆಯ ಮೇಲೆ ತೆಗೆದುಕೊಂಡಳು.